ಇನ್ನೂ ಮೂರು ವಾರದ ಪಾಠ

“ಒಂದೀಟು ಎಡಕ್ಕ ವಾಲಸ್ರಿ!” ಎಂದಳು ಸಿಂಥಿಯಾ, ಬಾಗಿಲಲ್ಲಿ ಸಿಕ್ಕಿಕೊಂಡ ಶವಪೆಟ್ಟಿಗೆಗೆ ಹೆಗಲು ಕೊಡುತ್ತ.

“ಬದುಕಿದ್ದಾಗ ಅಕ್ಕ ಯಾರ ಮಾತಿಗೆ ತಿರಗಿದ್ಲವಾ, ಈಗ ತಿರಗಾಕ?” ಎಂದರು ಫ್ಲೋರೆನ್ಸ್ ಟೀಚರ್ ಅವರ ತಮ್ಮ ಸ್ಟೀಫನ್. ಅಳುತ್ತಿದ್ದವರೂ ನಕ್ಕರು.

ಧಾರವಾಡದ ಈ ಮನೆಯ ಪಡಸಾಲೆಯಲ್ಲೇ ಟೀಚರ್ ಹನ್ನೆರಡು ವರ್ಷ, ಕಾಡಂಚಿನ ಸಿದ್ದಿ ಹಳ್ಳಿಗಳ ಹುಡುಗಿಯರನ್ನು ಅವರವರ ಊರಿಗೇ ಶಿಕ್ಷಕಿಯರನ್ನಾಗಿ ತಯಾರು ಮಾಡಿದ್ದರು. ಮೊದಲನೆಯವಳು ಸಿಂಥಿಯಾ. ಈ ಸಲದ ಆರು ಮಂದಿಗೆ ಇನ್ನೂ ಮೂರು ವಾರದ ಪಾಠ ಉಳಿದಿತ್ತು.

“ಮಣ್ಣು ಮುಗಿಸಿ ಬಂದು ಮನಿಗೆ ಕೀಲಿ ಹಾಕ್ತೇನಿ. ಹುಡಿಗ್ಯಾರಿಗೆ ಸಂಜಿ ಬಸ್ಸಿಗೆ ಹೊಂಡ್ರಿ ಅಂತ ಹೇಳು,” ಎಂದರು ಸ್ಟೀಫನ್.

“ಅರ್ಧಕ್ಕ ಹ್ವಾದ್ರ ಮನ್ಯಾಗ ಮತ್ತ ಕಳಸಂಗಿಲ್ರಿ, ಕಾಕಾ.”

“ಖರೇ. ಆದ್ರ ಕಲಸಾಕ ಯಾರದಾರ?”

ಅಷ್ಟರಲ್ಲಿ ಪೆಟ್ಟಿಗೆ ಹೊಸ್ತಿಲು ದಾಟಿತು.

*

ನಿವೃತ್ತಿಯಾದ ವರ್ಷ ಟೀಚರ್ ಸಿಂಥಿಯಾಳ ಊರಿನ ಶಾಲೆಗೆ ಬಂದು ಅಚ್ಚ ಧಾರವಾಡ ಕನ್ನಡದಲ್ಲಿ ಬೆಕ್ಕಿನ ಕತೆ ಹೇಳಿದ್ದರು. ಮನೆಯಲ್ಲಿ ಕೊಂಕಣಿ ಬೆರೆತ ಮಾತಾಡುವ ಮಕ್ಕಳು ಸುಮ್ಮನೆ ಅವರ ತುಟಿ ನೋಡುತ್ತ ಕುಳಿತವು. ಟೀಚರ್ ವಹಿಯಲ್ಲಿ ‘ಮಕ್ಕಳು ಮಂದ’ ಎಂದು ಬರೆದರು.

ಚಹಾ ತಂದಿದ್ದ ಸಿಂಥಿಯಾ ತಡೆಯಲಾರದೆ ಅದೇ ಕತೆಯನ್ನು ಮನೆಮಾತಿನಲ್ಲಿ ಹೇಳಿದಳು. ಒಬ್ಬ ಹುಡುಗ ಮಿಯಾಂವ್ ಎಂದ. ಇನ್ನೊಬ್ಬಳು, ನಮ್ಮ ಬೆಕ್ಕು ಹಾಗೆ ಮಾಡುವುದೇ ಇಲ್ಲ ಎಂದು ಜಗಳಕ್ಕೇ ಬಂದಳು.

ಟೀಚರ್ ಬರೆದದ್ದನ್ನು ಹೊಡೆದುಹಾಕಿದರು. “ಮಂದ ಆಗಿದ್ದು ನಾ. ನಾಳಿಂದ ನೀ ಕಲಸು. ಕಲಸೂದು ಹ್ಯಾಂಗಂತ ನಾ ಹೇಳಿಕೊಡ್ತೇನಿ.”

“ನಾ ಹತ್ತನೇತ್ತಾ ಫೇಲ್ ರಿ!”

“ಪಾಸಾಗು. ಅದೇನ್ ಗುಡ್ಡಾ ಏನು?”

*

ಸ್ಮಶಾನದಿಂದ ಮರಳಿದಾಗ, ಜನ ಕೂರಲು ತರಿಸಿದ್ದ ಬಾಡಿಗೆ ಕುರ್ಚಿಗಳು ಪೆಟ್ಟಿಗೆಯಿದ್ದ ಖಾಲಿ ಜಾಗಕ್ಕೆ ಮುಖಮಾಡಿ ನಿಂತಿದ್ದವು. ಆರು ಮಂದಿಯಲ್ಲಿ ಕಿರಿಯಳಾದ ಲಾಲಬಿ ಕೇಳಿದಳು: “ಅಕ್ಕಾ, ಗಂಟು ಕಟ್ಟೂದೇನ?”

“ಕೈಕಾಲು ತೊಳಕೊಂಡು ಬಾ. ಇವತ್ತಿನ ಪಾಠ ನಿಂದು,” ಎಂದಳು ಸಿಂಥಿಯಾ.

“ಇವತ್ತ?” ಸ್ಟೀಫನ್ ಬೆರಗಾದರು. “ಊರಾಗಿನ ನಿನ್ನ ಸಾಲಿ ಗತಿ?”

“ಹ್ವಾದ ವರ್ಷ ಇಲ್ಲೇ ಕಲತಾಕಿ ಫಿರದೋಸ ನೋಡ್ಕೋತಾಳ. ಮೂರು ವಾರ ನಾ ಇಲ್ಲೇ ಇರತೇನ್ರಿ. ನೀವು ಕೀಲಿ ಹಾಕಿದ್ರ ಅಂಗಳದಾಗ ಕಲಸ್ತೇನಿ.”

“ಹಟಕ್ಕ ನೀನೂ ಅಕ್ಕನ ಪೈಕೀನ ಬಿಡು!”

ಹುಡುಗಿಯರು ಆಗಲೇ ಕುರ್ಚಿಗಳನ್ನು ಒಂದೊಂದಾಗಿ ಕರಿಹಲಗೆಯತ್ತ ತಿರುಗಿಸುತ್ತಿದ್ದರು. ಹೊರಗೆ ಕುರ್ಚಿಯವನ ಗಾಡಿ ಬಂದು ನಿಂತಿತು.

“ಒಯ್ಯಲೇನ್ರಿ?”

ಸ್ಟೀಫನ್ ಅವನಿಗೆ ತಾಳೆಂದು ಕೈ ತೋರಿಸಿ, ಹಿಂದಿನ ಸಾಲಿನ ಕುರ್ಚಿಯೊಂದನ್ನು ಎತ್ತಿ, ತಾವೇ ಹಲಗೆಯತ್ತ ತಿರುಗಿಸಿಟ್ಟರು.