ದಿಗಂಬರ ಅಂದ್ರ ಏನ್ರಿ?

ಗಂಡನ ಮೇಲೆ ಸಿಟ್ಟು ಬಂದರೆ ಕೆಲವರು ತವರಿಗೆ ಹೋಗುತ್ತಾರೆ, ಕೆಲವರು ಪಾತ್ರೆ ಕುಕ್ಕುತ್ತಾರೆ. ಹುಮನಾಬಾದಿನ ರುಕ್ಮಿಣಿಬಾಯಿ ಮಾತು ಬಿಟ್ಟಳು. ಬಿಟ್ಟು ನಲವತ್ತು ದಿನವಾಗಿತ್ತು. ಚಹಾ ಆದರೆ ಬೆಕ್ಕಿಗೆ ಹೇಳುತ್ತಿದ್ದಳು, ಬೆಕ್ಕು ಇಲ್ಲದಿದ್ದರೆ ಗೋಡೆಗೆ.

ಕಾರಣ ಮಾಳಿಗೆ. ಮೇಲಿನ ಎರಡು ಕೋಣೆ ಮತ್ತು ಅದರ ಮುಂದಿನ ಬಿಸಿಲು ಅವಳ ರಾಜ್ಯ. ಶ್ಯಾವಿಗೆ ಹೊಸೆಯುವುದು, ಸಂಡಿಗೆ ಒಣಗಿಸುವುದು, ಮಧ್ಯಾಹ್ನ ಯಾರ ಕಣ್ಣಿಗೂ ಬೀಳದೆ ಒಂದು ತಾಸು ಕಾಲು ಚಾಚುವುದು, ಎಲ್ಲ ಅಲ್ಲೇ. ಅದನ್ನು ಅವಳ ಗಂಡ, ಓಣಿಯವರೆಲ್ಲ ಸಾವಕಾರರೆನ್ನುವ ಕಿರಾಣಿ ವ್ಯಾಪಾರಿ, ಅವಳನ್ನು ಒಂದು ಮಾತು ಕೇಳದೆ ಹಂಗೇರಿ ದೇಶದ ಗಂಡಹೆಂಡತಿಗೆ ಬಾಡಿಗೆಗೆ ಕೊಟ್ಟುಬಿಟ್ಟಿದ್ದರು. ಕಾರ್ಖಾನೆಯೊಂದರಲ್ಲಿ ಹೊಸ ಯಂತ್ರ ಕೂಡಿಸಲು ಬಂದವನು ಗಾಬೋರ್. ಅವನ ಹೆಂಡತಿ ಇಲೋನಾ.

ಬಾಡಿಗೆಯವರ ಮೇಲೆ ರುಕ್ಮಿಣಿಬಾಯಿಗೆ ಸಿಟ್ಟಿರಲಿಲ್ಲ. ಕಂಡದ್ದಕ್ಕೆಲ್ಲ "ಅಂದ್ರ ಏನ್ರಿ?" ಎಂದು ಕೇಳಿ ವಹಿಯಲ್ಲಿ ಬರೆದುಕೊಳ್ಳುವ ಆ ಹುಡುಗಿಯನ್ನು ಕಂಡರೆ ಪ್ರೀತಿಯೇ. ಮೊದಲ ಬೆಳಿಗ್ಗೆಯದೊಂದೇ ಫಜೀತಿ. ಅವಳು ಮಾಳಿಗೆಯಿಂದ ಬಾಗಿ, ಓಣಿಗಿಳಿದ ಗಂಡನನ್ನು "ಗಾಬೋರ್! ಗಾಬೋರ್!" ಎಂದು ಕೂಗಿದಾಗ, ಏನೋ ಗಾಬರಿಯಾಯಿತೆಂದು ಎದುರುಮನೆಯ ಮಾರುತಿ ಬಡಿಗೆ ಹಿಡಿದು ಓಡಿ ಬಂದಿದ್ದ.

ಗಂಡನ ಹೆಸರನ್ನು ಹೀಗೆ ಓಣಿ ತುಂಬ ಕೂಗುವುದೇ? ರುಕ್ಮಿಣಿಬಾಯಿಗೆ ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ಚೂರು ಹೊಟ್ಟೆಕಿಚ್ಚೂ ಆಯಿತು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವಳು ಗಂಡನ ಹೆಸರು ಹೇಳಿದ್ದು ಒಡಪಿನಲ್ಲಿ ಮಾತ್ರ. ಮದುವೆ, ಕುಬಸ, ತೊಟ್ಟಿಲ ಶಾಸ್ತ್ರಗಳಲ್ಲಿ ಹೆಂಗಸರು ಹಿಡಿದು ನಿಲ್ಲಿಸಿದಾಗ ಎರಡು ಸಾಲು ಪ್ರಾಸ ಕಟ್ಟಿ, ಕೊನೆಗೆ ಗಂಡನ ಹೆಸರು ಸೇರಿಸಬೇಕು. ಆ ವಿದ್ಯೆಯಲ್ಲಿ ಬಂಧುಬಳಗದಲ್ಲೆಲ್ಲ ಅವಳದೇ ಮೇಲುಗೈ.

ಕುತ್ತು ಬಂದದ್ದೂ ಅಲ್ಲಿಂದಲೇ. ಬಸವಕಲ್ಯಾಣದಲ್ಲಿ ನಾದಿನಿ ಗಯಾಬಾಯಿಯ ಮಗಳು ಪೂನಂ ಚೊಚ್ಚಲ ಬಸುರಿ; ಅವಳ ಕುಬಸ, ಅಂದರೆ ಸೀಮಂತ, ಹತ್ತಿರ ಬಂದಿತ್ತು. "ವೈನಿ, ನಿಮ್ಮ ಒಡಪು ಇಲ್ಲಂದ್ರ ಕುಬಸಾನೇ ಇಲ್ಲ ನೋಡ್ರಿ" ಎಂದು ಗಯಾಬಾಯಿ ಫೋನು ಮಾಡಿದ್ದಳು. ಇತ್ತ ರುಕ್ಮಿಣಿಬಾಯಿ, ಸಾವಕಾರರು ತಾವಾಗಿ ತಪ್ಪೊಪ್ಪುವ ತನಕ ಒಡಪಿನಲ್ಲೂ ಅವರ ಹೆಸರೆತ್ತುವುದಿಲ್ಲವೆಂದು ಹಟ ತೊಟ್ಟು ಕೂತವಳು. ಹೇಳದಿದ್ದರೆ ಗಯಾಬಾಯಿಗೆ ವಾಸನೆ ಹತ್ತುತ್ತದೆ. ಆಮೇಲೆ ಕೋಟೆ ಬಾಗಿಲಿನಿಂದ ಬಸ್ ಸ್ಟ್ಯಾಂಡಿನವರೆಗೆ ಎಲ್ಲರ ಮನೆಯಲ್ಲೂ ಇವರ ಮನೆಯದೇ ಸುದ್ದಿ.

ಎರಡು ದಿನ ತಲೆ ಕೆಡಿಸಿಕೊಂಡು ಒಂದು ಉಪಾಯ ಕಂಡಳು. ಇಲೋನಾಳಿಗೆ ಸೀರೆ ಉಡಿಸಿ ಒಡಪು ಹೇಳಿಸಿದರೆ, ಆ ಗದ್ದಲದಲ್ಲಿ ತನ್ನನ್ನು ಯಾರು ಕೇಳುತ್ತಾರೆ? ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ತಾನು ಬಾಯಿಬಿಟ್ಟು ಕಲಿಸುವಂತಿಲ್ಲವಲ್ಲ! ಹೋದ ವರ್ಷ ತಾನೇ ಹೇಳಿದ ಒಡಪಿನ ವಿಡಿಯೋ ಫೋನಿನಲ್ಲಿತ್ತು. ಅದನ್ನೇ ಹಚ್ಚಿಕೊಟ್ಟಳು. ಇಲೋನಾ ನಾಲ್ಕು ಸಲ ಕೇಳಿದಳು, ಕೊನೆಯ ಶಬ್ದಕ್ಕೆ ಬಂದು ತಲೆಯೆತ್ತಿದಳು.

"ದಿಗಂಬರ ಅಂದ್ರ ಏನ್ರಿ?"

ದಿಗಂಬರ ಎಂದರೆ ಸಾಕ್ಷಾತ್ ಅಂಗಳದಲ್ಲಿ ಪೇಪರು ಓದುತ್ತ ಕಿವಿ ಇತ್ತ ಇಟ್ಟಿದ್ದ ಸಾವಕಾರರ ಹೆಸರು. ನಮ್ಮವರ ಹೆಸರು ಎಂದು ಹೇಳಲು ರುಕ್ಮಿಣಿಬಾಯಿಗೆ ನಾಲಿಗೆ ಹೊರಳಲಿಲ್ಲ.

"ಗಂಡ" ಎಂದಳು ಚುಟುಕಾಗಿ.

"ದಿಗಂಬರ ಅಂದ್ರ ಗಂಡ?"

"ಹೂಂ, ಅಂದ್ನಲ್ಲ! ಗಂಡ."

ಇಲೋನಾ ಶ್ರದ್ಧೆಯಿಂದ ಬರೆದುಕೊಂಡಳು.

ಕುಬಸದ ದಿನ ಬಸವಕಲ್ಯಾಣದ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಳಗೆ ಹೆಂಗಸರು, ನಡುಮನೆಯಲ್ಲಿ ಊಟಕ್ಕೆ ಕೂತ ಗಂಡಸರು, ನಡುವೆ ತೆರೆದ ಬಾಗಿಲು. ಪೂನಂಳಿಗೆ ಬಳೆ ಇಡಿಸಿ, ಉಡಿ ತುಂಬಿದ್ದಾಯಿತು. ಹಸಿರು ಸೀರೆಯ ಇಲೋನಾಳನ್ನು ಗಯಾಬಾಯಿ ನಡುವೆ ನಿಲ್ಲಿಸಿ, "ಹೇಳವ್ವಾ ನಿನ್ನ ಗಂಡನ ಹೆಸರು" ಎಂದಳು. ಇಲೋನಾ ಕೈಕಟ್ಟಿ, ಗಂಟಲು ಸರಿಪಡಿಸಿ, ಊರೆಲ್ಲ ಕೇಳುವಂತೆ ಹೇಳಿದಳು:

"ತೊಗರಿ ಹೊಲದಾಗ ಹಳದಿ ಹೂವಿನ ಸರ,
ಊಟಕ್ಕ ಕರದ್ರ ಓಡಿ ಬರ್ತಾರ ನಮ್ಮ ದಿಗಂಬರ!"

ಮನೆ ಬಿದ್ದುಹೋಗುವಂತೆ ನಗೆ ಎದ್ದಿತು. ಪೂನಂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಎಲ್ಲರಿಗೂ ಮೆಚ್ಚಿಗೆಯಾಯಿತೆಂದು ಇಲೋನಾ ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು. ನಡುಮನೆಯಲ್ಲಿ ಗಾಬೋರ್ ಕೂಡ ಚಪ್ಪಾಳೆ ತಟ್ಟಿದ. ಪಾಪ, ಅವನಿಗೇನು ಗೊತ್ತು!

"ಅಯ್ಯ ವೈನಿ, ನಮ್ಮ ಅಣ್ಣಗ ಎರಡನೇದಾಕಿ ಬಂದ್ಲಲ್ರಿ! ನೀವು ಸುಮ್ನ ಕುಂತೀರಿ?" ಎಂದಳು ಗಯಾಬಾಯಿ. ರುಕ್ಮಿಣಿಬಾಯಿ ಪೂನಂಳ ಉಡಿಯ ಅಕ್ಕಿ ಸರಿಪಡಿಸತೊಡಗಿದಳು. ಗಯಾಬಾಯಿಯ ಕಣ್ಣು ಕಿರಿದಾಯಿತು. "ಯಾಕ್ರಿ, ಮನ್ಯಾಗ ಏನರ ಆಗ್ಯಾದೇನು?"

ರುಕ್ಮಿಣಿಬಾಯಿ ಬಾಗಿಲಾಚೆ ನೋಡಿದಳು. ಮಾತು ಬಿಟ್ಟ ಮೇಲೆ ಮೊದಲ ಸಲ ಗಂಡನ ಮುಖವನ್ನು ನೇರವಾಗಿ ನೋಡಿದ್ದು. ಕೈಯಲ್ಲಿ ಹೋಳಿಗೆ, ಗದ್ದಕ್ಕೆ ತುಪ್ಪ. ಎಲ್ಲರೂ ನಗುತ್ತಿದ್ದರು, ಅವರೊಬ್ಬರು ಮಾತ್ರ ನಗದೆ ಇವಳನ್ನೇ ನೋಡುತ್ತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ. ವರ್ಷಕ್ಕೆ ಒಂದೋ ಎರಡೋ ಸಲ ಬಾಯಿಗೆ ಬರುವ ಹೆಸರು, ಅದನ್ನೂ ಮಂದಿಗೆ ಬಿಟ್ಟುಕೊಟ್ಟು ಕೂತೆನಲ್ಲ ಎನಿಸಿತು ಅವಳಿಗೆ. ಹಟ ಎಲ್ಲಿ ಹೋಯಿತೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದು ನಿಂತಳು.

"ಮಾಳಗಿ ಕೊಡ್ತೀನಿ ಕಿರಾಯಿಗಿ, ಕೇಳಿದ್ರ ಕೊಡ್ತೀನಿ ಅಂಬರ,
ಯಾರು ಕೇಳಿದ್ರೂ ಕೊಡಂಗಿಲ್ಲ ನಮ್ಮ ದಿಗಂಬರ!"

ಹೆಂಗಸರು ಕೇಕೆ ಹಾಕಿದರು. ದಿಗಂಬರ ಸಾವಕಾರರು ಎಲೆ ಬಿಟ್ಟೆದ್ದು, ಎಂಜಲು ಕೈಯಲ್ಲೇ ಬಾಗಿಲಿಗೆ ಬಂದರು.

"ಮಾಳಗಿ ಕೇಳದ ಕೊಟ್ಟಿದ್ದು ನಂದ ತಪ್ಪು" ಎಂದರು ಎಲ್ಲರೆದುರು.

"ಮೊದ್ಲು ಗದ್ದ ವರಸ್ಕೊಳ್ರಿ" ಎಂದಳು ರುಕ್ಮಿಣಿಬಾಯಿ. ಬೆಕ್ಕಿಗಲ್ಲ, ಗೋಡೆಗಲ್ಲ, ಅವರಿಗೇ.

ಹುಮನಾಬಾದಿಗೆ ಮರಳುವಾಗ ಕಾರಿನ ಹಿಂದಿನ ಸೀಟಿನಲ್ಲಿ ಇಲೋನಾ ವಹಿ ತೆಗೆದು, ಮುಂದೆ ಕೂತ ಸಾವಕಾರರನ್ನೊಮ್ಮೆ ನೋಡಿ, ಮೆಲ್ಲಗೆ ಕೇಳಿದಳು.

"ದಿಗಂಬರ ಅಂದ್ರ ಗಂಡ ಅಲ್ಲೇನ್ರಿ?"

"ಗಂಡನೇ ಹೌದು" ಎಂದಳು ರುಕ್ಮಿಣಿಬಾಯಿ. "ಆದ್ರ ನನಗೊಬ್ಬಾಕಿಗೆ."