ಕಿವಿ ತೋಯಬಾರದು

ಹನಿ ಬೀಳುತ್ತಿದೆ, ಸುಂದ್ರಮ್ಮನ ಕೈಯ ಬಟ್ಟೆಯಿಂದ, ಅರಿಶಿನ ಬೇವು ಕದಡಿದ ನೀರು, ಅಮ್ಮನ ಗುಡಿಯ ಕಟ್ಟೆಯ ಮೇಲೆ ಹಳದಿ ಹನಿ, ಇನ್ನೊಂದು — ಮೊಮ್ಮಗಳು ನನ್ನ ತೊಡೆಯ ಮೇಲೆ ಬಿಕ್ಕುತ್ತಿದ್ದಾಳೆ, ಅಳಬ್ಯಾಡ ನನ್ನವ್ವ, ಆತು, ಎಡತೋಳಿನ ಗೀರು ಇನ್ನೂ ಹಸಿ, ಸಿಡುಬು ಬಾರದಂತೆ ಟೀಕಾ ಚುಚ್ಚುವ ನಿಜಾಮ ಸರ್ಕಾರದ ಅಬ್ದುಲ್ ಕರೀಮ ಸೂಜಿಯನ್ನು ದೀಪಕ್ಕೆ ಹಿಡಿದು ನನ್ನನ್ನೇ ನೋಡುತ್ತಿದ್ದಾನೆ, ಒಣಗೋತನಕ ನೀರು ಮುಟ್ಟಿಸಬ್ಯಾಡ್ರಿ ಮಲ್ಲಿಕಮ್ಮ, ತೊಳದ್ರ ಮದ್ದೆಲ್ಲ ಹೋಗ್ತದ, ಹೋದ ವರ್ಷವೂ ಇದೇ ಹೇಳಿದ್ದ, ಅವನ ಕುದುರೆ ನಮ್ಮ ಸಗರದ ಕೆರೆಯೇರಿ ದಾಟುವ ಮೊದಲೇ ಈ ಸುಂದ್ರಮ್ಮ, ಗುಡಿಯ ಪೂಜಾರ್ತಿ, ಅಮ್ಮನ ಉರಿ ತಣ್ಣಗಾಗಲಿ ಎಂದು ಎಲ್ಲ ಕೂಸುಗಳ ತೋಳು ಒರೆಸಿದ್ದಳು, ನಾವೆಲ್ಲ ಕೈ ಮುಗಿದಿದ್ದೆವು, ಬೇಸಿಗೆಗೆ ಊರಿಗೆ ಸಿಡುಬು ಬಂತು, ಈ ಕೂಸಿನ ಅಣ್ಣ ಮೌನಪ್ಪ ಬೇವಿನೆಲೆಯ ಮೇಲೆ ಮಲಗಿ, ನೀರು, ನೀರು — ಬೇಡ, ಅದು ಬೇಡ. ಕಟ್ಟೆಯ ಕೆಳಗೆ ಹೆಂಗಸರು ಕೂಸುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಿದ್ದಾರೆ, ಮದಲ ಮಲ್ಲಿಕಮ್ಮ ಕುಂದರ್ಲಿ, ಆಮ್ಯಾಲ ನೋಡೋಣು ಅಂದವರು, ಬಾಲಮ್ಮನ ಕುಹಕ ಬೇರೆ, ಸಾಬನ ಸೂಜಿ ತಗೊಂಡ ಕೂಸು ನಾಳಿ ನಮಾಜಿಗೆ ಎದ್ದೀತು ನೋಡು, ನಗೆಯಾಡಲಿ, ಮಗನನ್ನೆತ್ತಿಕೊಂಡು ಬಂದಿದ್ದಾಳಲ್ಲ, ಈ ಕಟ್ಟೆ ಬಿಟ್ಟುಕೊಟ್ಟವಳು ಸುಂದ್ರಮ್ಮ, ಅವಳು ಒಪ್ಪದಿದ್ದರೆ ಒಬ್ಬಳೂ ಬರುತ್ತಿರಲಿಲ್ಲ, ಎಲ್ಲರೆದುರು ಅವಳ ಕೈ ತಳ್ಳಿದರೆ ಒಬ್ಬಳೂ ಉಳಿಯುವುದಿಲ್ಲ, ತಳ್ಳದಿದ್ದರೆ ಈ ಕೂಸು — ಹತ್ತಿರ ಬಂದಳು, ಹನಿ, ನನ್ನ ಮೊಣಕಾಲಿನ ಮೇಲೆ, ತಣ್ಣಗೆ.

ಮಳೆಯೂ ಹೀಗೇ ತಣ್ಣಗಿತ್ತು ಅಂದು ಅಡವಿಯಲ್ಲಿ, ಕುರಿಗಳಿಗೆ ಸಿಡುಬು ಎದ್ದಿತ್ತು, ಬೇನೆಬಿದ್ದ ಕುರಿಯ ಹಕ್ಕಳೆಯನ್ನು ನನ್ನ ಗಂಡ ಜಾಲಿಮುಳ್ಳಿಗೆ ಹಚ್ಚಿ, ಬೇನೆ ತಗಲದಿರಲೆಂದು ಉಳಿದವುಗಳ ಕಿವಿಗೆ ಚುಚ್ಚಿದ್ದ, ಮೋಡ ಒಡೆದದ್ದೇ ಮೈಮೇಲಿನ ಕಂಬಳಿ ತೆಗೆದು ಮರಿಗಳಿಗೆ ಹೊದಿಸಿದ, ತಾನು ತೊಯ್ಯುತ್ತಾ ಕೂತ, ಗಡ್ಡದಿಂದ ಹನಿ, ಕಿವಿ ತೋಯಬಾರ್ದು, ಅಷ್ಟೇ ಅನ್ನುತ್ತಿದ್ದ, ಸುಂದ್ರಮ್ಮನೂ ಕುರುಬರ ಮಗಳೇ, ಚುಚ್ಚುವಾಗ ಮರಿಗಳನ್ನು ಹಿಡಿದು ಬೆಳೆದವಳು — ಅಕ್ಕಾ, ಮುಳ್ಳು ಚುಚ್ಚಿದ ಕಿವಿ ನಿಮ್ಮಪ್ಪ ತೊಳೀತಿದ್ದನೇನು, ಕೇಳಿಯೇಬಿಟ್ಟೆ, ಅವಳಿಗಷ್ಟೇ ಕೇಳುವಷ್ಟು ಮೆಲ್ಲಗೆ. ಅವಳ ಕೈ ನಿಂತಿದೆ. ಹೆಂಗಸರ ಕಡೆ ತಿರುಗಿದ್ದಾಳೆ, ದೇವಿ ಮೈಮೇಲೆ ಬಂದಾಗಿನ ದನಿಯಲ್ಲ, ಅವಳದೇ ದನಿ, ಅಮ್ಮಗ ಬಲಗೈ ಒರಸಿದ್ರ ಸಾಕು, ಎಡಗೈ ಗೀರು ಒಣಗಲಿ, ಯಾರೂ ಒರಸಬ್ಯಾಡ್ರಿ — ಬಾಲಮ್ಮ ಸೆರಗು ಸರಿಸಿ ಮಗನ ತೋಳು ಹೊರಗೆ ತೆಗೆಯುತ್ತಿದ್ದಾಳೆ, ಬಟ್ಟೆ ಹಿಡಿದ ಕೈ ನನ್ನ ಕೂಸಿನ ಮೇಲಿಂದ ಬಲತೋಳಿಗೆ ಬರುತ್ತಿದೆ, ನನ್ನ ಅಂಗೈ ಗೀರಿನ ಮೇಲೆ ಚಾಚಿಕೊಂಡಿದೆ, ತಾಗದಂತೆ, ಬಟ್ಟೆಯ ತುದಿಯಲ್ಲಿ ಹನಿ, ದಪ್ಪಗಾಗುತ್ತಿದೆ, ಹಳದಿ, ಹನಿ —