ಮುಚ್ಚಳದ ಕೆಳಗೆ ಕೆಂಪು ದಾರ

ಕಿವಿ ಬಿಗಿಯುತ್ತಿದೆ, ಬಸ್ಸು ಬೆಟ್ಟ ಹತ್ತುವಾಗ ಬಿಗಿಯುವ ಹಾಗೆ, ಎಂಜಲು ನುಂಗಿದರೆ ಪಟ್ಟೆಂದು ಬಿಟ್ಟುಕೊಂಡು ಮತ್ತೆ ಬಿಗಿಯುತ್ತದೆ, ಇರಲಿ, ಈಗ ಕಿವಿಯದಲ್ಲ ಕೆಲಸ, ಕಣ್ಣಿನದು, ಹನಿ ನೋಡಬೇಕು — ಮೇಲೆ ಚಾವಣಿಯ ಉದ್ದಕ್ಕೂ ಪೈಪುಗಳ ನೀರು ಪರೀಕ್ಷೆಯ ಮಳೆಯಾಗಿ ಭೋರೆಂದು ಬೀಳುತ್ತಿದೆ, ಕೆಳಗೆ ಕಾಳು ಸುರಿಯುವ ಬಾಗಿಲಿಗೆ ಕಟ್ಟಿದ ಫ್ಯಾನು ಒಳಗಿನ ಗಾಳಿಯನ್ನು ಹೀರುತ್ತಿದೆ, ನಡುವೆ ಕಾಳು ಸಾಗಿಸುವ ಖಾಲಿ ರೈಲು ವ್ಯಾಗನ್ನಿನ ಹೊಟ್ಟೆಯಲ್ಲಿ ಏಣಿಯ ಮೇಲೆ ನಾನು, ನೆತ್ತಿಯಿಂದ ಒಂದು ಮೊಳ ಎತ್ತರದಲ್ಲಿ ನಾನೇ ಗೆರೆ ಎಳೆದು ಮಾಡಿಸಿದ ಮುಚ್ಚಳ, ಹೊರಗಿನಿಂದ ಕೊಂಡಿ. ಮುಚ್ಚಳ ಮಾಡಿದವರೇ ಅದರ ಕೆಳಗೆ ನಿಲ್ಲಬೇಕು, ಈ ಶೆಡ್ಡಿನ ಪದ್ಧತಿ ಅದು, ನನಗಿಂತ ಹಳೆಯದು. ಒಳಗಿನ ಮಾತು ಕಬ್ಬಿಣಕ್ಕೆ ಬಡಿದು ಕಲಸಿಹೋಗುತ್ತದೆ, ಹೊರಗಿನವರಿಗೆ ಬರೀ ಗುಂಯ್ ಎನ್ನುತ್ತದೆ, ಅದಕ್ಕೇ ಕೈಯಲ್ಲಿ ಸುತ್ತಿಗೆ — ನೀರು ನಿಂತ ಮೇಲೆ ಒಂದು ಏಟು ಹಾಕಿದರೆ ಒಣಗಿದೆ, ಎರಡು ಏಟು ಹಾಕಿದರೆ ಒದ್ದೆ. ಹೋದ ಸಲ ಎರಡು, ಅದರ ಹಿಂದಿನ ಸಲವೂ ಎರಡು, ಇದು ಕೊನೆಯದು ಎಂದಿದ್ದಾರೆ ಗಡಿಯಾರದವರು, ನಮ್ಮ ಮ್ಯಾನೇಜರು, ಮಾತಾಡುವಾಗ ಮಣಿಕಟ್ಟನ್ನೇ ನೋಡುತ್ತಾರೆ, ನೋಡಮ್ಮ, ಮುಚ್ಚಳ ಅಂದ್ರೆ ಮುಚ್ಚೋದಕ್ಕೆ, ಅದರಲ್ಲಿ ತೂತು ಇಡ್ತೀನಿ ಅಂತ ಹಠ ಹಿಡಿದಿರೋಳು ನೀನೊಬ್ಬಳೇ, ಈ ಸಲ ಸೋರಿದ್ರೆ ಹಳೆಯದೇ ಗತಿ, ಎಲ್ಲ ವ್ಯಾಗನ್ನಿಗೂ. ಹಳೆಯದು, ಗಟ್ಟಿ ಮುಚ್ಚಳ, ಹನಿ ನೀರೂ ಹೋಗದು, ತೊಟ್ಟು ಗಾಳಿಯೂ ಬರದು, ದೇವರೇ, ಅದು ಬೇಡ, ಟಾರ್ಚಿನ ಬೆಳಕು ಅಂಚಿನ ಸುತ್ತ ಒಮ್ಮೆ ಹೋಗಿ ಬಂತು, ಒಣಗಿದೆ, ಗಾಳಿಕಂಡಿಯ ಬಾಯಿ ಒಣಗಿದೆ, ಅದರ ಕೆಳಗೆ ಅಕ್ಕನ ಹೊಲಿಗೆ ಡಬ್ಬಿಯ ಕೆಂಪು ದಾರ ನೇರವಾಗಿ ಇಳಿಬಿದ್ದಿದೆ.

ಕೆಂಪು ದಾರವೇ ಯಾಕೆ, ಬಿಳಿಯದು ಕತ್ತಲಲ್ಲಿ ಕಾಣುವುದಿಲ್ಲವೇ ಎಂದು ಕೇಳಿದ್ದರು ತಪಾಸಣೆಗೆ ಬಂದವರು, ಏನು ಹೇಳಲಿ, ಭಾವ ಆಸ್ಪತ್ರೆಯಿಂದ ಮನೆಗೆ ಬಂದ ಹೊಸದರಲ್ಲಿ ಮಧ್ಯಾಹ್ನ ಮಲಗಿದರೆಂದರೆ ಅಕ್ಕ ಡಬ್ಬಿಯಿಂದ ಕೈಗೆ ಸಿಕ್ಕ ದಾರ ಎಳೆದು ಅವರ ಮೂಗಿನ ಹತ್ತಿರ ಹಿಡಿಯುತ್ತಿದ್ದಳು, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ದಾರ ಅಲುಗುವ ತನಕ ಅವಳೂ ಉಸಿರು ಬಿಡುತ್ತಿರಲಿಲ್ಲ ನಾನೂ ಬಿಡುತ್ತಿರಲಿಲ್ಲ. ವ್ಯಾಗನ್ನಿನ ತಲೆಯ ಮೇಲೆ ನಡೆದು ಮುಚ್ಚಳ ತೆಗೆಯುವ ಕೆಲಸ ಭಾವನದು, ಹುಳ ಬೀಳದಿರಲೆಂದು ಕಾಳಿನಲ್ಲಿ ಮದ್ದಿನ ಗುಳಿಗೆ ಇಟ್ಟಿರುತ್ತಾರೆ, ಗುಳಿಗೆ ಕರಗಿ ಹೊಗೆಯಾಗಿ ದಾರಿಯುದ್ದಕ್ಕೂ ಒಳಗೇ ಕುದಿಯುತ್ತದೆ, ಗಟ್ಟಿ ಮುಚ್ಚಳಕ್ಕೆ ಅದನ್ನು ಬಿಡುವ ಬಾಯಿಯಿಲ್ಲ, ಅಂದು ಕೊಂಡಿ ಬಿಗಿಯಾಗಿತ್ತಂತೆ, ಬಗ್ಗಿ ಎಳೆದರಂತೆ, ಮುಖಕ್ಕೇ ಬಂತು. ಹೆಗಲ ಮೇಲೆ ಹೊತ್ತು ಇಳಿಸಿದವರು ಮೇಸ್ತ್ರಿ, ಮೇಲಿನ ತಂಡದ ಹಿರಿಯರು, ಇವತ್ತು ನನ್ನ ಈ ಮುಚ್ಚಳಕ್ಕೆ ಕೊಂಡಿ ಹಾಕಿದವರೂ ಅವರೇ. ಭಾವ ಬದುಕಿದರು, ಉಸಿರು ಮಾತ್ರ ಮೊಟಕಾಯಿತು — ದೀಪ ಹಚ್ಚಿದ ಮೇಲೆ ಪದ್ಯ ಓದುತ್ತಿದ್ದವರು, ಒಂದೇ ಉಸಿರಿನಲ್ಲಿ ಇಡೀ ಸಾಲು, ಸಾಲಿನ ನಡುವೆ ಕೂದಲೆಳೆಯಷ್ಟು ನಿಲುಗಡೆ, ಆ ನಿಲುಗಡೆಯಲ್ಲಿ ದೇವರು ಬಂದು ಕೂತು ಹೋಗುತ್ತಾನೆ ಎಂದು ಚಿಕ್ಕಂದಿನಲ್ಲಿ ನಂಬಿದ್ದೆ, ಈಗಲೂ — ಈಗ ಭಾವ ಅರ್ಧ ಸಾಲಿಗೆ ನಿಲ್ಲುತ್ತಾರೆ, ಉಳಿದರ್ಧವನ್ನು ಅಕ್ಕ ಈರುಳ್ಳಿ ಹೆಚ್ಚುತ್ತಲೇ ಒಳಗಿನಿಂದ ಎತ್ತಿಕೊಳ್ಳುತ್ತಾಳೆ, ರಾಗ ತಪ್ಪುತ್ತಾಳೆ, ನಿಮಗೆ ಉಸಿರಿಲ್ಲ ನನಗೆ ಶ್ರುತಿಯಿಲ್ಲ, ಸರಿಯಾದ ಜೋಡಿ ಅನ್ನುತ್ತಾಳೆ. ತಗಡಿನ ಮಡಿಕೆ ನನಗೆ ಹೊಳೆದದ್ದು ಆ ಅರ್ಧ ಸಾಲಿನಲ್ಲಿಯೇ, ನೀರು ದಡ್ಡ, ಬಿದ್ದ ಕಡೆಗೇ ಹೋಗುತ್ತದೆ, ಗಾಳಿ ತಿರುವು ಬಲ್ಲದು, ಹಾಗಾದರೆ ತಗಡನ್ನು ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಮಡಚಿದರೆ ನೀರು ತಿರುವಿನಲ್ಲೇ ಉಳಿದು ಹೊರಗೆ ಹರಿದು ಹೋಗಬೇಕು, ಅಡುಗೆಮನೆಯ ಡಬ್ಬಿಗಳ ಮುಚ್ಚಳ ಕತ್ತರಿಸಿ ಮಡಚಿ ಮಡಚಿ ನೋಡಿದೆ, ಸಕ್ಕರೆಗೆ ಇರುವೆ ಬಂತು, ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು, ಮನೇಲಿದ್ದ ಮುಚ್ಚಳ ಎಲ್ಲ ಮುಗೀತು ಕಣೇ, ಇನ್ನು ಉಳಿದಿರೋದು ನನ್ನ ಬಾಯಿ ಒಂದೇ, ಅದಕ್ಕೂ ಒಂದು ಮಾಡಿಬಿಡು. ಭಾವ ಕುರ್ಚಿಯಿಂದ, ಅದಕ್ಕೆ ತೂತು ಇಡಬೇಡ ಮಾರಾಯ್ತಿ, ಗಟ್ಟಿದೇ ಹಾಕು — ಅಷ್ಟಕ್ಕೇ ಕೆಮ್ಮು, ನಗು ಯಾವುದು ಕೆಮ್ಮು ಯಾವುದು ತಿಳಿಯದ ಕೆಮ್ಮು.

ನೀರು ಇನ್ನೂ ಬೀಳುತ್ತಿದೆ, ಒಂದು ಹನಿಯೂ ಇಲ್ಲ, ಒಂದಾದರೂ ಬೀಳಬೇಕಿತ್ತಲ್ಲ, ಛೆ, ಇದೆಂಥ ಯೋಚನೆ, ಬೀಳದಿರಲೆಂದೇ ಅಲ್ಲವೇ ಬೆಳಿಗ್ಗೆ ಕಣ್ಣು ಮುಚ್ಚಿ ಕೈಮುಗಿದದ್ದು, ಆದರೂ ಹೋದ ಸಲ ಹನಿ ಬೀಳುವ ಮೊದಲೇ ಮಡಿಕೆಯ ತುದಿಯಲ್ಲಿ ತೇವದ ಮಂಜು ಕಟ್ಟಿತ್ತು, ಈ ಸಲ ತಗಡು ಬೇಸಿಗೆಯ ಹೆಂಚಿನ ಹಾಗೆ ಒಣಗಿದೆ, ಹಿಂದಿನ ಎರಡು ಸಲವೂ ಕಿವಿ ಬಿಗಿದಿರಲಿಲ್ಲ. ಬಿಗಿದಿರಲಿಲ್ಲ. ಫ್ಯಾನು ಹೀರುತ್ತಿದೆ ಎಂದರೆ ಗಾಳಿ ಎಲ್ಲಿಂದಲಾದರೂ ಒಳಗೆ ಬರಬೇಕು, ಉಳಿದ ಮುಚ್ಚಳಗಳೆಲ್ಲ ಹಳೆಯವು, ಗಟ್ಟಿ, ಬರುವುದಾದರೆ ನನ್ನ ಗಾಳಿಕಂಡಿಯಿಂದಲೇ ಬರಬೇಕು, ಬಂದರೆ ದಾರ — ದಾರ ನೇರ ನಿಂತಿದೆ. ಗಂಟು ಸಿಕ್ಕಿಕೊಂಡಿದೆಯೇನೋ, ಊದಿದೆ, ನನ್ನ ಉಸಿರಿಗೆ ಓಲಾಡಿತು, ಮತ್ತೆ ನೇರ. ಬೆಳಿಗ್ಗೆ ಕಟ್ಟುವಾಗ ಬಳುಕುತ್ತಿತ್ತು, ಮೇಸ್ತ್ರಿ ಮೇಲಿನಿಂದ ಬಗ್ಗಿ ನೋಡಿ ನಕ್ಕರು, ನೀವು ಒಳಗೆ ಇಳೀರಿ ತಾಯೀ, ಮೇಲಿನದು ನನಗೆ ಬಿಡಿ, ಈ ಸಲ ಒಂದು ಹನಿ ಬಿದ್ರೆ ನನ್ನನ್ನು ಕೇಳಿ. ನನ್ನನ್ನು ಕೇಳಿ ಎಂದರಲ್ಲ, ಆಗ ಅವರ ಅಂಗಿಯ ಜೇಬು ಉಬ್ಬಿತ್ತು, ಎಣ್ಣೆ ಒರೆಸುವ ಚಿಂದಿ, ಚಿಂದಿ ಎಲ್ಲರ ಜೇಬಿನಲ್ಲೂ ಇರುತ್ತದೆ, ಮೋಡ ಕಂಡರೆ ಸಾಕು, ಈ ತಂಡದವರ ಕೈ ಬಿರುಕಿಗೆ ಚಿಂದಿ ತುರುಕಲು ತಾನಾಗಿಯೇ ಓಡುತ್ತದೆ, ಕಾಳು ನೆನೆದರೆ ಬೈಗುಳ ತಿನ್ನುವವರು ಅವರಲ್ಲವೇ, ಕಂಡಿ ಎಂದರೆ ಸೋರುವ ಜಾಗ, ಕಂಡರೆ ಮುಚ್ಚಬೇಕು, ಅಷ್ಟೇ ಅವರಿಗೆ ಗೊತ್ತಿರುವ ನಿಷ್ಠೆ — ಮುಚ್ಚಿದ್ದಾರೆ. ನನಗಾಗಿ, ನಾನು ಗೆಲ್ಲಲೆಂದು, ಭಾವನನ್ನು ಹೊತ್ತ ಅದೇ ಕೈಯಿಂದ.

ನೀರು ನಿಂತಿತು. ಎಲ್ಲ ಕಡೆಯಿಂದ ತೊಟತೊಟ, ಹೊರಗೆ ಮಾತ್ರ. ಹೇಳಮ್ಮ ಹೇಳು, ನಮಗೆ ಇದೊಂದೇ ಕೆಲಸ ಅಲ್ಲ, ಗಡಿಯಾರದವರ ದನಿ ತಗಡಿನ ಮೇಲಿನಿಂದ ಸ್ವಚ್ಛವಾಗಿ ಇಳಿಯುತ್ತಿದೆ, ನನ್ನ ದನಿ ಅವರ ತನಕ ಹತ್ತದು, ಒಂದೋ ಎರಡೋ ಅಷ್ಟೇ, ಮುಚ್ಚಳ ಉಸಿರಾಡುತ್ತಿಲ್ಲ ಎನ್ನುವುದಕ್ಕೆ ಏಟಿಲ್ಲ. ಒಂದು ಕೊಟ್ಟರೆ ಸುಳ್ಳೇನೂ ಅಲ್ಲ, ಒಣಗಿದೆ, ಕಣ್ಣಾರೆ ನೋಡಿದ್ದೇನೆ, ಕೊಂಡಿ ತೆಗೆಯುವವರು ಮೇಸ್ತ್ರಿಯೇ, ಚಿಂದಿ ಮೊದಲು ಜೇಬಿಗೆ ಹೋಗುತ್ತದೆ, ಅವರ ಅನ್ನವೂ ಉಳಿಯಿತು ನನ್ನ ಮುಚ್ಚಳವೂ ಉಳಿಯಿತು, ಆಮೇಲೆ ನಿಧಾನಕ್ಕೆ ತಂಡದವರಿಗೆ ತಿಳಿಸಿ ಹೇಳಬಹುದು. ಎರಡು ಕೊಟ್ಟರೆ ಕೊಂಡಿ ಮುಟ್ಟುವಂತಿಲ್ಲ, ತಪಾಸಣೆಯವರೇ ಹತ್ತಿ ನೋಡಬೇಕು, ಚಿಂದಿ ಕಾಣುತ್ತದೆ, ಮೇಸ್ತ್ರಿ ಮನೆಗೆ, ಬಹುಶಃ ಈ ಮುಚ್ಚಳ ಗುಜರಿಗೆ. ಒಂದು ಸಾಕು. ಒಂದು ಕೊಟ್ಟೆನೆಂದರೆ ಎಲ್ಲ ವ್ಯಾಗನ್ನಿನ ಮೇಲೂ ಇದೇ ಮುಚ್ಚಳ, ಮೊದಲ ಮೋಡಕ್ಕೇ ಎಲ್ಲ ಕಂಡಿಗೂ ಚಿಂದಿ, ನಾನು ಎಷ್ಟು ಜನರ ಕೈ ಹಿಡಿಯಲಿ, ಹಳೆಯದಕ್ಕಾದರೆ ಹೆದರಿ ಮುಖ ಪಕ್ಕಕ್ಕೆ ತಿರುಗಿಸಿ ತೆಗೆಯುತ್ತಾರೆ, ಇದಕ್ಕೆ ಹೆದರುವುದಿಲ್ಲ, ಇದು ಉಸಿರಾಡೋ ಮುಚ್ಚಳ ಕಣೋ, ಏನೂ ಆಗಲ್ಲ ಬಗ್ಗು ಎನ್ನುತ್ತಾರೆ, ಯಾರದೋ ಭಾವ ಬಗ್ಗುತ್ತಾನೆ, ಯಾವ ಅಕ್ಕನೋ ಡಬ್ಬಿಯಲ್ಲಿ ದಾರ ಹುಡುಕುತ್ತಾಳೆ. ಸುತ್ತಿಗೆ ಎತ್ತಿದೆ, ದೇವರೇ, ಆ ನಿಲುಗಡೆಯಲ್ಲಿ ನೀನಿರುವುದು ನಿಜವಾದರೆ ಈಗ ಇರು — ಒಂದು. ಇಡೀ ವ್ಯಾಗನ್ನು ಗಂಟೆಯ ಹಾಗೆ ಮೊಳಗಿತು, ಮೇಲೆ ಮೇಸ್ತ್ರಿಯ ದನಿ, ನಾನು ಹೇಳ್ಲಿಲ್ವಾ ಸಾರ್, ಗೆದ್ದಳು ನಮ್ಮ ಹುಡುಗಿ, ಅವರ ಕೈ ಕೊಂಡಿಯ ಮೇಲೆ ಬಿದ್ದ ಸದ್ದು, ನನ್ನ ಕೈ ಮತ್ತೆ ಎದ್ದಿದೆ, ಕ್ಷಮಿಸಿ ಮೇಸ್ತ್ರಿ — ಎರಡು. ಕೊಂಡಿಯ ಸದ್ದು ನಿಂತಿತು. ಇಲ್ಲ ಸಾರ್, ಒದ್ದೆ ಆಗೋ ಮಾತೇ ಇಲ್ಲ, ನಾನೇ ಕೈಯಾರೆ — ಅಲ್ಲಿಗೆ ನಿಂತರು, ಅರ್ಧ ಸಾಲಿಗೆ, ಭಾವ ನಿಲ್ಲುವ ಹಾಗೆ, ಉಳಿದರ್ಧವನ್ನು ಯಾರೂ ಎತ್ತಿಕೊಳ್ಳಲಿಲ್ಲ, ಹೊರಗಿನ ಏಣಿಯ ಮೇಲೆ ತಪಾಸಣೆಯವರ ಬೂಟು ಒಂದೊಂದೇ ಮೆಟ್ಟಿಲು ಹತ್ತುತ್ತಿದೆ, ಫ್ಯಾನು ಹೀರುತ್ತಲೇ ಇದೆ, ಕಿವಿ ಬಿಗಿದಿದೆ, ಟಾರ್ಚಿನ ಬೆಳಕಿನಲ್ಲಿ ದಾರ, ನಾನು ಉಸಿರು ಬಿಡುತ್ತಿಲ್ಲ, ಕೆಂಪು ದಾರ, ನೇರ.